ಚಿಗುರಿದ್ದೆಲ್ಲ ಮೆಳೆಯಾಗದು

ಬಿದಿರು ನೋಡುವುದಕ್ಕೆ ಮರದಂತಿದ್ದರೂ ಅದು ಭತ್ತ, ರಾಗಿ, ಕಬ್ಬುಗಳಿರುವ ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯವೆಂಬುದು ಶಾಲೆಯ ಪಾಠದಿಂದಲೇ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ನೆಂಟಸ್ತಿಕೆಯನ್ನು ನಂಬಿ, ಕಬ್ಬಿನ ಬಿತ್ತನೆ ತುಂಡನ್ನು ಊರುವ ಹಾಗೆ ಬಿದಿರಿನ ತುಂಡನ್ನೂ ಊರಿ ಮಳೆಗೆ ಬಿಟ್ಟರೆ ಸಾಕೆಂದು ಭಾವಿಸಿದವರ ಹಿತ್ತಲುಗಳಲ್ಲಿ ಬಹುಮಟ್ಟಿಗೆ ನಡೆಯುವುದು ಒಂದೇ ಕಥೆ: ಮೂರು ನಾಲ್ಕು ವಾರಗಳಲ್ಲಿ ಗಿಣ್ಣಿನಿಂದ ಹಸಿರು ಚಿಗುರು ಹೊರಡುತ್ತದೆ, ಎಲೆ ಬಿಚ್ಚುತ್ತದೆ, ನೆಟ್ಟವರು ನಿಶ್ಚಿಂತರಾಗುತ್ತಾರೆ, ಎರಡನೆಯ ತಿಂಗಳು ಕಳೆಯುವಷ್ಟರಲ್ಲಿ ಅದೇ ಚಿಗುರು ತುದಿಯಿಂದ ಒಣಗುತ್ತ ಬಂದು ಸತ್ತುಹೋಗುತ್ತದೆ. ಇದು ರೋಗವೂ ಅಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ನೀರಿನ ಕೊರತೆಯೂ ಅಲ್ಲ. ತುಂಡು ತನ್ನೊಳಗೆ ಕೂಡಿಟ್ಟುಕೊಂಡಿದ್ದ ಪಿಷ್ಟವನ್ನು ಖರ್ಚು ಮಾಡಿ ಚಿಗುರಿತ್ತೇ ಹೊರತು ಅದಕ್ಕೆ ಬೇರು ಬಂದೇ ಇರಲಿಲ್ಲ. ಬಿದಿರಿನಲ್ಲಿ ಚಿಗುರುವುದು, ಬೇರೂರುವುದು, ನೆಲದಡಿಯ ಕಾಂಡವನ್ನು ಕಟ್ಟಿಕೊಳ್ಳುವುದು ಇವು ಒಂದರ ಹಿಂದೊಂದು, ಸಾಕಷ್ಟು ಅಂತರ ಬಿಟ್ಟು ನಡೆಯುವ ಮೂರು ಬೇರೆ ಬೇರೆ ಘಟನೆಗಳಾಗಿದ್ದು, ಮೂರನೆಯದು ನಡೆಯದ ಹೊರತು ಕೈಯಲ್ಲಿರುವ ಗಿಡವನ್ನು ಬಿದಿರಿನ ಸಸಿಯೆಂದು ಕರೆಯುವಂತಿಲ್ಲ.

ಇದು ಸ್ಪಷ್ಟವಾಗಬೇಕಾದರೆ ಬಿದಿರಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆಲದ ಮೇಲೆ ನಿಂತಿರುವ ಒಂದೊಂದು ಕೋಲೂ ಗಳ, ಗಳಗಳ ಗುಂಪು ಮೆಳೆ, ಮಳೆಗಾಲದಲ್ಲಿ ನೆಲ ಸೀಳಿ ಬರುವ ಎಳೆಯ ಮೊಳಕೆ ಕಳಲೆ. ಇವೆಲ್ಲ ಕಣ್ಣಿಗೆ ಬೀಳುವ ಭಾಗಗಳು. ಇವನ್ನೆಲ್ಲ ಹೊತ್ತು ನಿಂತಿರುವುದು ಮಣ್ಣಿನೊಳಗೆ ಅಡ್ಡಲಾಗಿ ಬೆಳೆಯುವ ಗಿಣ್ಣುಳ್ಳ ಕಾಂಡ, ಅಂದರೆ ಬೇರುಕಾಂಡ. ಅದನ್ನೇ ರೈತರು ಗಡ್ಡೆ ಎನ್ನುತ್ತಾರೆ. ಪ್ರತಿವರ್ಷದ ಕಳಲೆಯೂ ಈ ಗಡ್ಡೆಯ ಮೊಗ್ಗಿನಿಂದಲೇ ಹೊರಡಬೇಕು. ಕಳಲೆ ನೆಲದಿಂದ ಮೇಲೆ ಬರುವಾಗ ಎಷ್ಟು ದಪ್ಪವಿರುತ್ತದೆಯೋ ಗಳವೂ ಕೊನೆಯವರೆಗೆ ಅಷ್ಟೇ ದಪ್ಪ, ಏಕೆಂದರೆ ಮರಗಳಂತೆ ವರ್ಷವರ್ಷಕ್ಕೂ ಸುತ್ತಳತೆ ಹೆಚ್ಚಿಸಿಕೊಳ್ಳುವ ವ್ಯವಸ್ಥೆ ಹುಲ್ಲುಗಳಿಗಿಲ್ಲ. ಹೀಗಾಗಿ ಮೆಳೆ ದೊಡ್ಡದಾಗುವುದೆಂದರೆ ಹಳೆಯ ಗಳ ದಪ್ಪವಾಗುವುದಲ್ಲ, ಗಡ್ಡೆ ಬಲಿತಂತೆ ಮುಂದಿನ ವರ್ಷದ ಕಳಲೆ ಹಿಂದಿನ ವರ್ಷದ್ದಕ್ಕಿಂತ ದಪ್ಪವಾಗಿ ಬರುವುದು.

ಈ ಗಡ್ಡೆಯ ಸ್ವಭಾವವನ್ನು ಅನುಸರಿಸಿ ಬಿದಿರುಗಳಲ್ಲಿ ಎರಡು ದೊಡ್ಡ ವಿಭಾಗಗಳಿವೆ. ಗಡ್ಡೆ ಗಿಡ್ಡವಾಗಿ, ದಪ್ಪನಾಗಿ, ತುದಿ ಮೇಲಕ್ಕೆ ಬಾಗಿ ತಾನೇ ಗಳವಾಗುವಂಥವು ಮೆಳೆಗಟ್ಟುವ ಬಿದಿರುಗಳು. ಭಾರತದ ಬಯಲು ಮತ್ತು ಘಟ್ಟಗಳ ಬಿದಿರುಗಳು ಬಹುಪಾಲು ಈ ಬಗೆಯವು. ಗಡ್ಡೆ ತೆಳ್ಳಗೆ ಉದ್ದಕ್ಕೆ ಹರಿದುಹೋಗುತ್ತ, ಪಕ್ಕದ ಮೊಗ್ಗುಗಳಿಂದ ಅಲ್ಲಲ್ಲಿ ಗಳ ಎಬ್ಬಿಸುವಂಥವು ಹರಿಯುವ ಬಿದಿರುಗಳು. ಚೀನಾ ಮತ್ತು ಜಪಾನಿನ ಚಳಿ ಪ್ರದೇಶಗಳ ಫಿಲೊಸ್ಟ್ಯಾಕಿಸ್ ಜಾತಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಮನೆಯಲ್ಲಿ ಸಸಿ ಮಾಡುವ ವಿಧಾನಗಳು ಈ ಎರಡು ವಿಭಾಗಗಳಿಗೆ ಸಂಪೂರ್ಣ ಬೇರೆಯಾಗಿರುವುದರಿಂದ, ಒಂದಕ್ಕೆ ಹೇಳಿದ ಉಪಾಯವನ್ನು ಇನ್ನೊಂದಕ್ಕೆ ಹೂಡಿ ಕೈಸುಟ್ಟುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ.

ಗಟ್ಟಿ ಜೀವದ ಬಿದಿರು ಎಂದಾಗ ಚಳಿದೇಶದವರು ಹಿಮ ತಾಳುವುದನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಕರ್ನಾಟಕದಲ್ಲಿ ಅಳತೆಗೋಲಾಗಬೇಕಾದದ್ದು ಬೇಸಿಗೆ. ಆ ಲೆಕ್ಕದಲ್ಲಿ ಮೊದಲ ಸ್ಥಾನ ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಎಂಬ ಶಾಸ್ತ್ರೀಯ ಹೆಸರಿನ ಕಿರುಬಿದಿರಿಗೆ ಸಲ್ಲುತ್ತದೆ. ಎಲೆಯುದುರುವ ಒಣ ಕಾಡುಗಳಲ್ಲಿ, ಕಲ್ಲುಮಿಶ್ರಿತ ಬಡಮಣ್ಣಿನಲ್ಲಿ ಬದುಕುವ ಇದರ ಗಳ ಒಳಗೆ ಟೊಳ್ಳಿಲ್ಲದೆ ಅಥವಾ ಅತ್ಯಲ್ಪ ಟೊಳ್ಳಿನಿಂದ ಕೂಡಿದ್ದು ದೊಣ್ಣೆ, ಊರುಗೋಲು, ಗುದ್ದಲಿಯ ಕಾವುಗಳಿಗೆ ಹೆಸರಾಗಿದೆ. ಮುಳ್ಳುಳ್ಳ ಹೆಬ್ಬಿದಿರು, ಅಂದರೆ ಬಾಂಬುಸಾ ಬಾಂಬೊಸ್, ತೇವದ ಕಣಿವೆಗಳ ಬಿದಿರು. ಅಂಗಳಕ್ಕೆ ಅದು ಹೇಳಿಸಿದ್ದಲ್ಲ, ತೋಟದ ಗಡಿಗೆ ಒಪ್ಪುತ್ತದೆ. ಕರಾವಳಿ ಕರ್ನಾಟಕ, ಗೋವಾ ಮತ್ತು ಕೊಂಕಣದ ಮನೆದೋಟಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದಿರುವ, ಕೊಂಕಣದಲ್ಲಿ ಮಾಣಗಾ ಎಂದು ಕರೆಯಲಾಗುವ ಸ್ಟಾಕ್ಸಿ ಬಿದಿರಿಗೆ ಮುಳ್ಳಿಲ್ಲ, ಗಳ ಬಹುಮಟ್ಟಿಗೆ ಗಟ್ಟಿ, ಮೆಳೆ ಬಿಡಿಬಿಡಿ. ಮನೆಯ ಬಳಕೆಗೆ ಇದಕ್ಕಿಂತ ಅನುಕೂಲದ ಜಾತಿ ಈ ಸೀಮೆಯಲ್ಲಿ ಸಿಗಲಾರದು. ಕೊಡಗಿನ ಕಾಫಿ ತೋಟಗಳ ಅಂಚಿನಲ್ಲಿ ಕಳಲೆಗಾಗಿಯೂ ಗಳಕ್ಕಾಗಿಯೂ ಬೆಳೆಯುವ ಬರ್ಮಾ ಬಿದಿರು, ನಗರದ ಮನೆಗಳ ಮುಂದೆ ಬೇಲಿಯಾಗಿ ನಿಲ್ಲುವ ಸಣ್ಣೆಲೆಯ ಬಾಂಬುಸಾ ಮಲ್ಟಿಪ್ಲೆಕ್ಸ್, ಹಳದಿ ಗಳದ ಮೇಲೆ ಹಸಿರು ಗೀರುಗಳಿರುವ ಅಲಂಕಾರದ ಬಾಂಬುಸಾ ವಲ್ಗ್ಯಾರಿಸ್ ಇವೂ ಸುಲಭವಾಗಿ ಸಿಗುವಂಥವೇ. ಗಾಜಿನ ಬಟ್ಟಲಿನ ನೀರಿನಲ್ಲಿಟ್ಟು ಮಾರುವ ಲಕ್ಕಿ ಬ್ಯಾಂಬೂ ಮಾತ್ರ ಬಿದಿರೇ ಅಲ್ಲ, ಅದು ಆಫ್ರಿಕಾ ಮೂಲದ ಡ್ರಸೀನಾ. ಅದು ನೀರಿನಲ್ಲಿ ಬೇರು ಬಿಡುವುದನ್ನು ಕಂಡು ನಿಜವಾದ ಬಿದಿರಿನ ಬಗ್ಗೆ ಏನನ್ನೂ ತೀರ್ಮಾನಿಸುವಂತಿಲ್ಲ.

ಮನೆಮಟ್ಟದಲ್ಲಿ ಅತ್ಯಂತ ಹಳೆಯದೂ ಅತ್ಯಂತ ನಂಬಿಕೆಯದೂ ಆದ ವಿಧಾನವೆಂದರೆ ಗಡ್ಡೆ ಕಿತ್ತು ನೆಡುವುದು. ಮೆಳೆಯ ಹೊರಸುತ್ತಿನಲ್ಲಿರುವ, ಒಂದೆರಡು ವರ್ಷದ ಆರೋಗ್ಯವಂತ ಗಳವೊಂದನ್ನು ಆರಿಸಿ, ಅದನ್ನು ನೆಲದಿಂದ ಒಂದು ಮೀಟರಿನಷ್ಟು ಎತ್ತರಕ್ಕೆ ಕತ್ತರಿಸಿ, ಬುಡದ ಮಣ್ಣನ್ನು ಬಿಡಿಸಿ, ತಾಯಿಗಡ್ಡೆಗೆ ಅದು ಸೇರುವ ಸಣ್ಣ ಕುತ್ತಿಗೆಯನ್ನು ಗರಗಸದಿಂದ ಕೊಯ್ದು, ಬೇರು ಮತ್ತು ಗಡ್ಡೆಯ ಮೊಗ್ಗುಗಳಿಗೆ ಪೆಟ್ಟಾಗದಂತೆ ಎತ್ತಿ, ಅದೇ ದಿನ ಹೊಸ ಗುಂಡಿಗೆ ಸೇರಿಸುವುದು ಇದರ ಕ್ರಮ. ಮುಂಗಾರಿಗೆ ಸ್ವಲ್ಪ ಮೊದಲು, ಗಡ್ಡೆಯ ಮೊಗ್ಗು ಇನ್ನೂ ನಿದ್ದೆಯಲ್ಲಿರುವಾಗ ಇದನ್ನು ಮಾಡಿದರೆ ಮೊದಲ ಮಳೆಗಾಲದಲ್ಲೇ ಕಳಲೆ ಬರುವ ಸಾಧ್ಯತೆಯಿದೆ. ಮೂರು ಘಟನೆಗಳಲ್ಲಿ ಕೊನೆಯದೂ ಮುಖ್ಯವಾದದ್ದೂ ಆದ ಗಡ್ಡೆ ಇಲ್ಲಿ ಸಿದ್ಧವಾಗಿಯೇ ಬರುವುದರಿಂದ ಸೋಲು ಕಡಿಮೆ. ತೊಂದರೆಯಿರುವುದು ಬೇರೆಡೆ: ಹಾರೆ ಪಿಕಾಸಿ ಹಿಡಿದವರಿಗೆ ಅರ್ಧ ದಿನದ ಕೆಲಸ, ಸಾಗಿಸಲು ಭಾರ, ಒಂದು ಮೆಳೆಯಿಂದ ವರ್ಷಕ್ಕೆ ಕೆಲವೇ ಗಡ್ಡೆಗಳಿಗಿಂತ ಹೆಚ್ಚು ತೆಗೆದರೆ ತಾಯಿಗೇ ಹಾನಿ. ಹೆಬ್ಬಿದಿರಿನ ಮುಳ್ಳಿನೊಳಗೆ ನುಗ್ಗಿ ಈ ಕೆಲಸ ಮಾಡುವುದಂತೂ ಹವ್ಯಾಸಕ್ಕೆ ಹೇಳಿದ್ದಲ್ಲ.

ಹಾಗಾಗಿ ಹೆಚ್ಚು ಸಸಿ ಬೇಕಾದಾಗ ಗಳದ ತುಂಡುಗಳಿಂದ ಸಸಿ ಮಾಡುವ ವಿಧಾನಕ್ಕೆ ಹೋಗಬೇಕಾಗುತ್ತದೆ. ಇದರಲ್ಲಿ ಗೆಲುವು ಸೋಲನ್ನು ನಿರ್ಧರಿಸುವುದು ಕೈಚಳಕಕ್ಕಿಂತ ಹೆಚ್ಚಾಗಿ ಗಳದ ವಯಸ್ಸು ಮತ್ತು ಋತು. ಆ ವರ್ಷವೇ ಎದ್ದ ಗಳಕ್ಕೆ ಇನ್ನೂ ಹೊದಿಕೆಯ ಹಾಳೆಗಳು ಅಂಟಿಕೊಂಡಿರುತ್ತವೆ, ಮೈಮೇಲೆ ಬಿಳಿಯ ಹಿಟ್ಟಿನಂಥ ಪುಡಿಯಿರುತ್ತದೆ, ಕೊಂಬೆಗಳು ಪೂರ್ತಿ ಬಂದಿರುವುದಿಲ್ಲ. ಅದರಲ್ಲಿ ಪಿಷ್ಟ ಕೂಡಿರುವುದಿಲ್ಲವಾದ್ದರಿಂದ ತುಂಡು ಕೊಳೆಯುತ್ತದೆ. ಹಳದಿ ತಿರುಗಿ, ಮೈಮೇಲೆ ಕಲ್ಲುಹೂವಿನ ತೇಪೆಗಳು ಬಿದ್ದ ಹಳೆಯ ಗಳದ ಮೊಗ್ಗುಗಳು ಕಸುವು ಕಳೆದುಕೊಂಡಿರುತ್ತವೆ. ಹಾಳೆ ಉದುರಿ, ಕೊಂಬೆ ತುಂಬಿಕೊಂಡು, ಇನ್ನೂ ಹಸಿರಾಗಿಯೇ ಇರುವ ಎರಡನೆಯ ವರ್ಷದ ಗಳವೇ ಈ ಕೆಲಸಕ್ಕೆ ಸೂಕ್ತ. ಋತುವಿನ ಲೆಕ್ಕ ಪಂಚಾಂಗಕ್ಕೆ ಚೆನ್ನಾಗಿ ಹೊಂದುತ್ತದೆ: ಶಿವರಾತ್ರಿಯಿಂದ ಯುಗಾದಿ ಕಳೆದ ಕೆಲವು ವಾರಗಳವರೆಗೆ, ಅಂದರೆ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ. ಮಳೆಗಾಲದ ಕಳಲೆಗಾಗಿ ಸಸ್ಯ ಕೂಡಿಟ್ಟ ಆಹಾರ ಗಳದಲ್ಲಿ ತುಂಬಿರುವ ಕಾಲವದು. ಕಳಲೆ ಎದ್ದ ಮೇಲೆ ಆ ದಾಸ್ತಾನು ಖಾಲಿಯಾಗುವುದರಿಂದ, ಮಳೆ ಬಂದ ಮೇಲೆ ನೆಡೋಣವೆಂದು ಕಾಯುವ ಸಹಜ ಬುದ್ಧಿ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ.

ಟೊಳ್ಳುಗಳವಿರುವ ಜಾತಿಗಳಿಗೆ ಕೇರಳದ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಕ್ರಮವೊಂದು ಮನೆಯಲ್ಲೂ ಅನುಸರಿಸುವಷ್ಟು ಸರಳವಾಗಿದೆ. ಗಳವನ್ನು ಎರಡೆರಡು ಗಿಣ್ಣುಗಳಿರುವ ತುಂಡುಗಳಾಗಿ, ಎರಡೂ ಕಡೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಗರಗಸದಿಂದ ಕೊಯ್ಯಬೇಕು. ಮಚ್ಚಿನಿಂದ ಹೊಡೆದರೆ ಗಳ ಸೀಳುತ್ತದೆ. ಗಿಣ್ಣಿನ ಕೊಂಬೆಗಳನ್ನು ಬುಡದ ಮೊಗ್ಗಿಗೆ ಗಾಯವಾಗದಂತೆ ಗಿಡ್ಡವಾಗಿ ಸವರಿ, ಎರಡು ಗಿಣ್ಣುಗಳ ನಡುವಿನ ಟೊಳ್ಳುಭಾಗಕ್ಕೆ ಒಂದು ಸಣ್ಣ ರಂಧ್ರ ಕೊರೆದು, ಅದರೊಳಗೆ ಬೇರು ಪ್ರಚೋದಿಸುವ ನಾಫ್ತಲೀನ್ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು 100 ಮಿಲಿಲೀಟರಿನಷ್ಟು ಸುರಿದು, ರಂಧ್ರದ ಮೇಲೆ ಪಾಲಿಥೀನ್ ಪಟ್ಟಿ ಸುತ್ತಿ ಕಟ್ಟಬೇಕು. ದ್ರಾವಣದ ಸಾಂದ್ರತೆ ಹತ್ತು ಲಕ್ಷ ಭಾಗಕ್ಕೆ 100 ಭಾಗ, ಅಂದರೆ ಒಂದು ಗ್ರಾಂ ಪುಡಿಯನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ 10 ಲೀಟರ್ ನೀರಿಗೆ ಬೆರೆಸಿದರೆ ಸಿಗುವಷ್ಟು. ಪುಡಿ ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. ಮರಳು ಬೆರೆತ ಸಡಿಲ ಮಣ್ಣಿನ ಏರುಮಡಿಯಲ್ಲಿ ತುಂಡನ್ನು ರಂಧ್ರ ಮೇಲಾಗುವಂತೆ ಮಲಗಿಸಿ, ಮೊಗ್ಗುಗಳು ಎಡಬಲಕ್ಕೆ ಬರುವಂತೆ ತಿರುಗಿಸಿ, ತೆಳುವಾಗಿ ಮಣ್ಣು ಮುಚ್ಚಿ, ಅರೆನೆರಳು ಮಾಡಿ ದಿನವೂ ನೀರು ಚಿಮುಕಿಸುತ್ತಿದ್ದರೆ ಗಳದೊಳಗಿನ ದ್ರಾವಣ ನಿಧಾನವಾಗಿ ಅಂಗಾಂಶಕ್ಕೆ ಇಳಿಯುತ್ತದೆ. ಟೊಳ್ಳನ್ನೇ ಔಷಧದ ಪಾತ್ರೆಯಾಗಿಸಿಕೊಂಡ ಈ ಯೋಚನೆ ಮೆಚ್ಚತಕ್ಕದ್ದು. ಬಾಂಬುಸಾ ವಲ್ಗ್ಯಾರಿಸ್‌ನಂಥ ಧಾರಾಳಿ ಜಾತಿಗೆ ಔಷಧವೂ ಬೇಕಿಲ್ಲ, ಬರಿಯ ನೀರೇ ಸಾಕು. ಟೊಳ್ಳಿಲ್ಲದ ಜಾತಿಗಳಲ್ಲಿ ಸುರಿಯುವುದಕ್ಕೆ ಜಾಗವೇ ಇಲ್ಲವಾದ್ದರಿಂದ ತುಂಡಿನ ಬುಡವನ್ನು ದ್ರಾವಣದಲ್ಲಿ ನೆನೆಹಾಕಬೇಕಾಗುತ್ತದೆ; ಕಿರುಬಿದಿರು ಇಷ್ಟು ಮಾಡಿದರೂ ಬೇರು ಬಿಡಲು ಸತಾಯಿಸುವ ಜಾತಿ, ಅದಕ್ಕೆ ಬೀಜವೇ ರಾಜಮಾರ್ಗ. ಅಪರೂಪಕ್ಕೆ ಹೂ ಬಿಟ್ಟರೂ ಬೀಜ ಕಟ್ಟದ ಸ್ಟಾಕ್ಸಿಗೆ ಮಾತ್ರ ಗಡ್ಡೆ ಮತ್ತು ತುಂಡುಗಳಲ್ಲದೆ ಬೇರೆ ಗತಿಯಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅದರ ಸಸ್ಯಾಭಿವೃದ್ಧಿಯ ಮೇಲೆ ವಿಶೇಷವಾಗಿ ಕೆಲಸ ಮಾಡಿರುವುದು ಈ ಕಾರಣದಿಂದಲೇ.

ಚಿಗುರು ಕಂಡ ಮೇಲೆ ಬೇಕಾದದ್ದು ತಾಳ್ಮೆ. ಬೇರು ಬರಲು ಎರಡು ಮೂರು ತಿಂಗಳು, ಚಿಗುರಿನ ಬುಡದಲ್ಲಿ ಚೂಪುಮೂತಿಯ ಉಬ್ಬು ಕಾಣಿಸಿಕೊಂಡು ಗಡ್ಡೆ ಕಟ್ಟತೊಡಗಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಈ ನಡುವೆ ತುಂಡನ್ನು ಎಳೆದೆಳೆದು ಪರೀಕ್ಷಿಸಿದರೆ ಎಳೆಬೇರು ಮುರಿಯುತ್ತದೆ; ಗೆದ್ದಲು ಹತ್ತದಂತೆ ನೋಡಿಕೊಳ್ಳುವುದೊಂದೇ ಆಗ ಮಾಡಬಹುದಾದ ಉಪಕಾರ. ಗಡ್ಡೆಯ ಗುರುತು ಸ್ಪಷ್ಟವಾಗಿ ಕಂಡ ನಂತರ ತುಂಡನ್ನು ಮಧ್ಯಕ್ಕೆ ಕೊಯ್ದು ಎರಡು ಗಿಡಗಳಾಗಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನ ಚೀಲಗಳಿಗೆ ವರ್ಗಾಯಿಸಿ, ಮುಂದಿನ ಮಳೆಗಾಲದವರೆಗೆ ಬೆಳೆಸಿ ನೆಡಬಹುದು. ನರ್ಸರಿಯಿಂದ ಸಸಿ ಕೊಳ್ಳುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ: ಎಲೆಯ ಸೊಂಪನ್ನು ನೋಡಬಾರದು, ಚೀಲದ ಮಣ್ಣನ್ನು ಬೆರಳಿನಿಂದ ಸರಿಸಿ ಮೂಲ ಚಿಗುರಿನ ಪಕ್ಕದಲ್ಲಿ ಎರಡನೆಯ, ಅದಕ್ಕಿಂತ ದಪ್ಪನೆಯ ಮೊಳಕೆ ಎದ್ದಿದೆಯೇ ಎಂದು ನೋಡಬೇಕು. ಆ ಎರಡನೆಯ ಮೊಳಕೆ ಗಡ್ಡೆಯಿಂದಲ್ಲದೆ ಬರಲು ಸಾಧ್ಯವಿಲ್ಲ.

ಬರ್ಮಾ ಬಿದಿರಿನಂಥ ದಪ್ಪ ಜಾತಿಗಳಲ್ಲಿ ಮುಖ್ಯ ಕೊಂಬೆಯ ಬುಡ ಉಬ್ಬಿಕೊಂಡು, ಅಲ್ಲಿಯೇ ಬೇರಿನ ಮೊಳೆಗಳು ಕಾಣುವುದುಂಟು. ಅಂಥ ಕೊಂಬೆಯನ್ನು ಬುಡಸಮೇತ ಬಿಡಿಸಿ ನೆಟ್ಟರೆ, ಅಥವಾ ಕೊಯ್ಯುವ ಮೊದಲೇ ಒದ್ದೆ ತೆಂಗಿನ ನಾರಿನ ಪುಡಿಯನ್ನು ಆ ಉಬ್ಬಿನ ಸುತ್ತ ಪಾಲಿಥೀನ್‌ನಿಂದ ಬಿಗಿದು ಗೂಟಿ ಕಟ್ಟಿದರೆ, ತಾಯಿಗಳವನ್ನು ಕಡಿಯದೆಯೇ ಸಸಿ ಸಿಗುತ್ತದೆ.

ಬೀಜದ ವಿಷಯ ಬೇರೆ. ಬಹುಪಾಲು ಬಿದಿರುಗಳು ದಶಕಗಳಿಗೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಸುರಿಸಿ, ಸಾಯುತ್ತವೆ. ಆ ಬೀಜ ಹೆಚ್ಚು ಕಾಲ ಜೀವ ಹಿಡಿದಿರುವುದಿಲ್ಲವಾದ್ದರಿಂದ ಸಿಕ್ಕ ವರ್ಷವೇ ಬಿತ್ತುವುದು ಉಚಿತ. ರಾತ್ರಿ ನೆನೆಹಾಕಿ ಬಿತ್ತಿದರೆ ಒಂದೆರಡು ವಾರದಲ್ಲಿ ಮೊಳೆಯುವ ಸಸಿ ಮೊದಲ ವರ್ಷ ಗರಿಕೆಯಂತೆಯೇ ಕಾಣುತ್ತದೆ, ದಪ್ಪ ಗಳ ಕೊಡಲು ಏಳೆಂಟು ವರ್ಷ ತೆಗೆದುಕೊಳ್ಳುತ್ತದೆ. ಆದರೆ ಬೀಜದ ಸಸಿಗೆ ಒಂದು ಗುಣವಿದೆ: ಅದು ಬೇಗನೆ ಹಲವು ತೆಂಡೆ ಒಡೆಯುತ್ತದೆ, ಒಂದೊಂದು ತೆಂಡೆಗೂ ಸ್ವಂತ ಬೇರು, ಸ್ವಂತ ಪುಟ್ಟ ಗಡ್ಡೆ ಇರುತ್ತವೆ. ಭತ್ತದ ಸಸಿ ಬಿಡಿಸುವಷ್ಟೇ ಸಲೀಸಾಗಿ ಇವನ್ನು ಬೇರ್ಪಡಿಸಿ ಬೇರೆ ಬೇರೆ ಚೀಲಗಳಿಗೆ ಹಾಕಿದರೆ ಒಂದು ಸಸಿ ವರ್ಷ ತುಂಬುವಷ್ಟರಲ್ಲಿ ಮೂರು ನಾಲ್ಕಾಗುತ್ತದೆ. ಕಿರುಬಿದಿರು ಬೇಕಾದವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಬೀಜದ ಸಸಿಗಿರುವ ಇನ್ನೂ ದೊಡ್ಡ ಅನುಕೂಲವೆಂದರೆ ಅದರ ವಯಸ್ಸು ನಿಜವಾಗಿಯೂ ಸೊನ್ನೆಯಿಂದ ಆರಂಭವಾಗುತ್ತದೆ. ಗಡ್ಡೆಯಿಂದಲೋ ತುಂಡಿನಿಂದಲೋ ಮಾಡಿದ ಸಸಿ ಹೊಸ ಗಿಡವಲ್ಲ, ತಾಯಿಮೆಳೆಯದೇ ಒಂದು ಭಾಗ. ತಾಯಿಯೊಳಗಿನ ಕಾಲದ ಎಣಿಕೆ ಅದರಲ್ಲೂ ಮುಂದುವರಿಯುತ್ತದೆ. ಹೆಬ್ಬಿದಿರು ಸಾಮಾನ್ಯವಾಗಿ 40ರಿಂದ 50 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಡುವ ಜಾತಿಯಾದ್ದರಿಂದ, 40 ವರ್ಷದ ಮೆಳೆಯಿಂದ ತಂದು ನೆಟ್ಟ ಗಡ್ಡೆ ಗಳಗಳು ದಪ್ಪವಾಗುತ್ತಿರುವ ಹೊತ್ತಿಗೇ ತಾಯಿಯೊಡನೆ ಹೂ ಬಿಟ್ಟು ಒಣಗಿಹೋಗಬಹುದು. ಇದು ಎಷ್ಟು ನಿಖರವಾಗಿ ಸಂಭವಿಸುತ್ತದೆಂಬುದಕ್ಕೆ ಚಳಿದೇಶದ ಬಿದಿರೊಂದರ ಇತಿಹಾಸ ಸಾಕ್ಷಿ. ಸಸ್ಯಾನ್ವೇಷಕ ಅರ್ನೆಸ್ಟ್ ವಿಲ್ಸನ್ 1907ರಲ್ಲಿ ಚೀನಾದ ಹುಬೇ ಪ್ರಾಂತದಿಂದ ಅಮೆರಿಕದ ಆರ್ನಲ್ಡ್ ಸಸ್ಯೋದ್ಯಾನಕ್ಕೆ ತಂದ ಬಿದಿರೊಂದಕ್ಕೆ ಆತನ ಮಗಳು ಮ್ಯೂರಿಯಲ್‌ಳ ಹೆಸರಿಟ್ಟು ಈಗ ಫಾರ್ಗೆಸಿಯಾ ಮ್ಯೂರಿಯೆಲೆ ಎಂದು ಕರೆಯುತ್ತಾರೆ. ಅದರ ಒಂದು ಭಾಗ 1913ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಬಂತು. ಹಿಮ ತಾಳುವ, ಹರಿಯದೆ ಮೆಳೆಗಟ್ಟುವ ಈ ಬಿದಿರು ಯೂರೋಪಿನ ಮನೆಯಂಗಳಗಳಿಗೆಲ್ಲ ಹಬ್ಬಿದ್ದು ಗಡ್ಡೆ ಒಡೆದೊಡೆದು ಹಂಚುವ ಮೂಲಕವೇ. 1970ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಮೊದಲು ಹೂ ಕಾಣಿಸಿಕೊಂಡು, 1990ರ ದಶಕದಲ್ಲಿ ದೇಶದೇಶಗಳ ತೋಟಗಳಲ್ಲಿದ್ದ ಮೆಳೆಗಳು ಒಟ್ಟೊಟ್ಟಿಗೆ ಹೂ ಬಿಟ್ಟು ಸತ್ತವು. ಬೇರೆ ಬೇರೆ ಮಣ್ಣು, ಬೇರೆ ಬೇರೆ ಹವೆ, ನೆಟ್ಟ ವರ್ಷಗಳೂ ಬೇರೆಬೇರೆ. ಆದರೆ ಗಿಡ ಮಾತ್ರ ಒಂದೇ ಆಗಿತ್ತು. ಇಂದು ಅಲ್ಲಿನ ನರ್ಸರಿಗಳಲ್ಲಿ ಸಿಂಬಾ, ಜಂಬೊ ಎಂಬ ಹೆಸರುಗಳಲ್ಲಿ ಸಿಗುವ ತಳಿಗಳು ಆ ಹೂವಿನ ಬೀಜದಿಂದ ಬಂದ ಹೊಸ ತಲೆಮಾರಿನವು.

ಈ ಎಣಿಕೆಯನ್ನು ಸಸ್ಯ ಎಲ್ಲಿ ಇಟ್ಟುಕೊಳ್ಳುತ್ತದೆ, ಹೇಗೆ ಲೆಕ್ಕವಿಡುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸಲಾಗದ ಒಗಟು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಎಳೆಯ ಬಿದಿರುಗಳು ಗಾಜಿನ ಪಾತ್ರೆಯೊಳಗೆ ಕೆಲವೇ ತಿಂಗಳುಗಳಲ್ಲಿ ಹೂ ಬಿಟ್ಟು ಬೀಜ ಕಟ್ಟಿದ ಸಂಗತಿ 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದಾಗ, ಆ ಲೆಕ್ಕವನ್ನು ಕೆಡಿಸುವುದು ಸಾಧ್ಯವೆಂಬುದಾದರೂ ತಿಳಿಯಿತು. ಮನೆಯ ಮಟ್ಟದಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವ ಉಪಾಯ ಮಾತ್ರ ಯಾವುದೂ ಇಲ್ಲ.

ಬ್ರಿಟನ್, ಜರ್ಮನಿ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿ ಹಿತ್ತಲಲ್ಲಿ ಬಿದಿರು ಬೆಳೆಯಬಯಸುವ ಕನ್ನಡಿಗರಿಗೆ ಮೇಲಿನ ತುಂಡುಗಳ ವಿಧಾನ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಫಿಲೊಸ್ಟ್ಯಾಕಿಸ್ ಜಾತಿಗಳ ಗಳದ ತುಂಡು ಬೇರು ಬಿಡುವುದು ತೀರ ಅಪರೂಪ. ಚಳಿಗಾಲ ಮುಗಿಯುವ ಹೊತ್ತಿನಲ್ಲಿ, ಕಳಲೆ ಏಳುವ ಮೊದಲು, ನೆಲದಡಿ ಹರಿಯುವ ಎಳೆಯ ಬೇರುಕಾಂಡವನ್ನು ಬೇರು ಮತ್ತು ಮೊಗ್ಗು ಸಮೇತ ಒಂದಡಿಯಷ್ಟು ಉದ್ದಕ್ಕೆ ಕತ್ತರಿಸಿ ಕುಂಡದಲ್ಲಿ ಅಡ್ಡಲಾಗಿ ಹೂಳುವುದು ಅವುಗಳಿಗೆ ತಕ್ಕ ದಾರಿ. ಫಾರ್ಗೆಸಿಯಾಗಳನ್ನು ಮೂರು ನಾಲ್ಕು ಗಳಗಳಿರುವ ಹೋಳುಗಳಾಗಿ ಒಡೆದರೆ ಸಾಕು. ಹರಿಯುವ ಬಿದಿರನ್ನು ನೆಲದಲ್ಲಿ ನೆಡುವವರು ಸುತ್ತಲೂ ಎರಡು ಎರಡೂವರೆ ಅಡಿ ಆಳದ ದಪ್ಪ ಪ್ಲಾಸ್ಟಿಕ್ ತಡೆಯನ್ನು ಮೊದಲೇ ಹಾಕದಿದ್ದರೆ ನೆರೆಮನೆಯವರ ಜೊತೆ ಜಗಳ ಖಂಡಿತ.

ಸಸಿ ನೆಲಕ್ಕಿಳಿದ ಮೇಲಿನ ಆರೈಕೆ ದೊಡ್ಡದಲ್ಲ: ಎರಡಡಿ ಆಳದ ಗುಂಡಿ, ಕೊಟ್ಟಿಗೆ ಗೊಬ್ಬರ, ದೊಡ್ಡ ಜಾತಿಗಳಿಗೆ ಸುತ್ತ ನಾಲ್ಕೈದು ಮೀಟರ್ ಜಾಗ, ಮೊದಲೆರಡು ಬೇಸಿಗೆ ನೀರು, ಉದುರಿದ ಎಲೆಯನ್ನು ಗುಡಿಸದೆ ಬುಡದಲ್ಲೇ ಬಿಡುವುದು. ಕಾಯಬೇಕಾದದ್ದು ಕಳಲೆಯನ್ನು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರುಕಾಡುಗಳನ್ನು ಅಧ್ಯಯನ ಮಾಡಿದಾಗ, ಮೆಳೆ ಉಸಿರಾಡಲೆಂದು ಬುಡದ ಮುಳ್ಳುಕೊಂಬೆಗಳನ್ನು ಸವರುವ ಪದ್ಧತಿಯಿಂದ ಕಳಲೆಗಳು ದನ, ಕೋತಿ, ಮುಳ್ಳುಹಂದಿಗಳ ಪಾಲಾಗಿ ಮೆಳೆಗಳು ಸೊರಗುತ್ತಿದ್ದುದು ತಿಳಿದುಬಂತು. ಸ್ಥಳೀಯ ಹಳ್ಳಿಗರು ಇದನ್ನು ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಮುಳ್ಳಿಲ್ಲದ ಜಾತಿ ನೆಟ್ಟವರು ಮಳೆಗಾಲದಲ್ಲಿ ಕಳಲೆ ಏಳುವ ಎರಡು ತಿಂಗಳು ಬುಡಕ್ಕೆ ಮುಳ್ಳಿನ ಬೇಲಿ ಕಟ್ಟುವುದು ಒಳ್ಳೆಯದು. ಅಡುಗೆಗೆ ಕಳಲೆ ಮುರಿಯುವ ಆಸೆಯನ್ನೂ ಮೆಳೆ ಬಲಿಯುವವರೆಗೆ ತಡೆದುಕೊಳ್ಳಬೇಕು. ಆಮೇಲೆ ಮುರಿದರೂ ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸದೆ ತಿನ್ನಬಾರದು, ಏಕೆಂದರೆ ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿರುತ್ತದೆ.

ಬಿದಿರಿನ ಗಡ್ಡೆಯನ್ನೋ ಸಸಿಯನ್ನೋ ಪಡೆಯುವವರು ಕೊಡುವವರನ್ನು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಇದು ಬೀಜದ್ದೋ ತುಂಡಿನದೋ, ತುಂಡಿನದಾದರೆ ತಾಯಿಮೆಳೆ ಯಾವ ವರ್ಷದ ಬೀಜದಿಂದ ಬಂದದ್ದು. ಉತ್ತರ ಸಿಕ್ಕರೆ ಅದನ್ನು ನೆಟ್ಟ ವರ್ಷದ ಜೊತೆಗೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು, ಮುಂದೆ ಆ ಮೆಳೆಯಿಂದ ಬೇರೆಯವರಿಗೆ ಗಡ್ಡೆ ಕೊಡುವಾಗ ಆ ವಿವರವನ್ನೂ ಜೊತೆಗೆ ಕೊಡಬೇಕು.